ನೌಕರರ ಅನುಭವ: ಲೆಕ್ಕಪುಸ್ತಕದಲ್ಲಿಲ್ಲದ ಬಂಡವಾಳ

ಯಂತ್ರವು ಕೆಟ್ಟು ನಿಂತಾಗ ಕೆಲಸಗಾರನು ಮೊದಲು ಯಾರನ್ನು ಕೇಳುತ್ತಾನೆ? ಪಕ್ಕದಲ್ಲಿರುವ ಹಿರಿಯ ಸಹೋದ್ಯೋಗಿಯನ್ನೇ ಅಥವಾ ಮೊಬೈಲ್‌ನಲ್ಲಿರುವ ಅಪರಿಚಿತರ ಗುಂಪನ್ನೇ? ಸಣ್ಣ ಉದ್ದಿಮೆಗಳ ಮಾಲೀಕರು ಗಮನಿಸಬೇಕಾದ ಪ್ರಶ್ನೆಯಿದು.

ಜೆರಾಕ್ಸ್ ಕಲಿಸಿದ ಪಾಠ

ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ಮಾನವಶಾಸ್ತ್ರಜ್ಞ ಜೂಲಿಯನ್ ಓರ್ 1980ರ ದಶಕದಲ್ಲಿ ನಕಲು ಯಂತ್ರಗಳ ದುರಸ್ತಿಗಾರರನ್ನು ಅಧ್ಯಯನ ಮಾಡಿದರು. ಕೈಪಿಡಿಯಲ್ಲಿ ಪರಿಹಾರವಿಲ್ಲದ ದೋಷಗಳನ್ನು ದುರಸ್ತಿಗಾರರು ಊಟ-ತಿಂಡಿಯ ವೇಳೆ ಹಂಚಿಕೊಂಡ ಅನುಭವಗಳ ನೆರವಿನಿಂದ ಬಗೆಹರಿಸುತ್ತಿದ್ದುದು ಕಂಡುಬಂದಿತು. ಈ ಅಧ್ಯಯನವು 1996ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು.

1990ರ ದಶಕದಲ್ಲಿ ಕಂಪನಿಯು 'ಯುರೇಕಾ' ಎಂಬ ವ್ಯವಸ್ಥೆಯನ್ನು ಫ್ರಾನ್ಸ್‌ನಲ್ಲಿ ಮೊದಲು ಜಾರಿಗೆ ತಂದಿತು. ದುರಸ್ತಿಗಾರನು ತಾನು ಕಂಡುಕೊಂಡ ಉಪಾಯವನ್ನು ಬರೆದು ಕಳುಹಿಸುತ್ತಿದ್ದನು. ಅನುಭವಿಗಳು ಅದನ್ನು ಪರಿಶೀಲಿಸಿದ ಬಳಿಕ ಅದು ಎಲ್ಲರಿಗೂ ಲಭ್ಯವಾಗುತ್ತಿತ್ತು. ಬರೆದವನ ಹೆಸರು ಸಲಹೆಯೊಡನೆ ಉಳಿಯುತ್ತಿತ್ತು. ಸಹೋದ್ಯೋಗಿಗಳ ಮನ್ನಣೆಯೇ ಅವನಿಗೆ ಮುಖ್ಯ ಪ್ರತಿಫಲವಾಗಿತ್ತು.

ನಿಷೇಧ ಪರಿಹಾರವಲ್ಲ

ಪ್ರಶ್ನೆ ಕೇಳಿದರೆ ಗದರಿಕೆ ಸಿಗುವ ಕಾರ್ಖಾನೆಯಲ್ಲಿ ಕೆಲಸಗಾರನು ಅಂತರ್ಜಾಲದ ಗುಂಪುಗಳ ಮೊರೆಹೋಗುವುದು ಸಹಜ. ಅದರಿಂದ ಲಾಭವೂ ಉಂಟು: ಸಿಎನ್‌ಸಿ ಯಂತ್ರ ತೋರಿಸುವ ದೋಷಸಂಖ್ಯೆಯ ಅರ್ಥವನ್ನು ದೂರದ ಊರಿನ ಅನುಭವಿಯೊಬ್ಬರು ನಿಮಿಷಗಳಲ್ಲಿ ತಿಳಿಸಬಲ್ಲರು. ಆದರೆ ಅದೇ ಆತುರದಲ್ಲಿ ಗ್ರಾಹಕರ ಡ್ರಾಯಿಂಗ್‌ನ ಚಿತ್ರವೂ ಹೊರಬಿದ್ದರೆ ವರ್ಷಗಳ ವಿಶ್ವಾಸಕ್ಕೆ ಧಕ್ಕೆ ಒದಗುತ್ತದೆ. ಮೊಬೈಲ್ ನಿಷೇಧಿಸಿದರೆ ಪ್ರಶ್ನೆ ನಿಲ್ಲುವುದಿಲ್ಲ. ಅದು ಮಾಲೀಕರ ಕಣ್ಣಿನಿಂದ ಮರೆಯಾಗುತ್ತದೆ, ಅಷ್ಟೆ. ಒಳಗೆ ಕೇಳಲು ಅವಕಾಶವಿರುವ ನೌಕರನಿಗೆ ಮಾತ್ರ ಯಾವ ಪ್ರಶ್ನೆಯನ್ನು ಹೊರಗೆ ಒಯ್ಯಬಹುದೆಂಬ ವಿವೇಚನೆ ಬೆಳೆಯುತ್ತದೆ. ಹೊರಗೆ ಕಲಿತದ್ದನ್ನು ಅವನು ಒಳಗೆ ಹೇಳಲೂ ಮುಂದಾಗುತ್ತಾನೆ.

ಮಾಲೀಕರು ಮಾಡಬಹುದಾದದ್ದು

ಇದಕ್ಕೆ ದುಬಾರಿ ತಂತ್ರಾಂಶ ಬೇಕಿಲ್ಲ. ಪ್ರತಿ ಯಂತ್ರಕ್ಕೊಂದು ನೋಟ್‌ಬುಕ್ ಇಟ್ಟು ದೋಷ, ಕಾರಣ, ಪರಿಹಾರ ಹಾಗೂ ಕಂಡುಹಿಡಿದವರ ಹೆಸರನ್ನು ದಾಖಲಿಸಬಹುದು. ಪಾಳಿ ಬದಲಾಗುವಾಗ ಹತ್ತು ನಿಮಿಷಗಳ ಚರ್ಚೆಗೆ ಅವಕಾಶ ಕೊಡಬಹುದು. ಗ್ರಾಹಕರ ಡ್ರಾಯಿಂಗ್, ದರ ಹಾಗೂ ಹೆಸರು ಹೊರಹೋಗಬಾರದೆಂಬ ನಿಯಮವನ್ನು ಸ್ಪಷ್ಟವಾಗಿ ತಿಳಿಸಬೇಕು.

ಕಲಿಸಿಕೊಟ್ಟರೆ ತನ್ನ ಬೆಲೆ ಕುಗ್ಗೀತೆಂಬ ಅಳುಕು ಹಿರಿಯ ಕುಶಲಕರ್ಮಿಗೆ ಇದ್ದೇ ಇರುತ್ತದೆ. ಕಲಿಸುವವನಿಗೆ ಬಡ್ತಿಯಲ್ಲಿಯೂ ವೇತನದಲ್ಲಿಯೂ ಮನ್ನಣೆ ದೊರೆತಾಗಲೇ ಅದು ನೀಗುವುದು. ಇಲ್ಲವಾದರೆ ಅವನ ನಿವೃತ್ತಿಯ ದಿನ, ಲೆಕ್ಕಪುಸ್ತಕದಲ್ಲಿ ಎಂದೂ ಕಾಣದಿದ್ದ ಬಂಡವಾಳವೊಂದು ಕಾರ್ಖಾನೆಯ ಗೇಟು ದಾಟಿ ಹೋಗುತ್ತದೆ.