ಹತ್ತಿ, ಜೀತ ಮತ್ತು ಅಮೆರಿಕದ ಅಂತರ್ಯುದ್ಧ: ಕನ್ನಡ ನಾಡಿನಿಂದ ಒಂದು ನೋಟ

ಬೆಂಗಳೂರಿನ ಹಳೆಯ ಪೇಟೆಯ ಬೀದಿಗಳ ಹೆಸರುಗಳು ಅಲ್ಲಿ ನಡೆದ ವ್ಯಾಪಾರದ ಚರಿತ್ರೆಯನ್ನು ಉಳಿಸಿಕೊಂಡು ಬಂದಿವೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆಗಳು ಸರಕನ್ನು ಹೆಸರಿಸಿದರೆ, ತರಗುಪೇಟೆ ವ್ಯವಹಾರದ ಬಗೆಯನ್ನೇ ಹೆಸರಿಸುತ್ತದೆ. ತರಗು ಎಂದರೆ ದಲ್ಲಾಳಿತನ. ಬೆಳೆದವನಿಗೂ ಕೊಳ್ಳುವವನಿಗೂ ನಡುವೆ ನಿಂತು ಬೆಲೆ ಕುದುರಿಸುವ ಕೆಲಸ. ಇಂತಹ ಪೇಟೆಗೆ ದೂರದ ಊರಿನ ಸರಕು ಬರುತ್ತದೆ, ಅದರ ಬೆಲೆಯೂ ತಿಳಿಯುತ್ತದೆ. ಆದರೆ ಅದನ್ನು ಬೆಳೆದ ಕೈ ಯಾರದು, ಆ ಕೈ ಸ್ವತಂತ್ರವೋ ಪರಾಧೀನವೋ ಎಂಬುದು ಸರಕಿನೊಡನೆ ಬರುವುದಿಲ್ಲ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧವು ಈ ಮರೆಯನ್ನು ಸರಿಸಿದ ಘಟನೆ. ಅದರ ಪರಿಣಾಮವು ಧಾರವಾಡದ ಎರೆಹೊಲಗಳವರೆಗೂ ಕಾರವಾರದ ಬಂದರಿನವರೆಗೂ ಬಂದು ಮುಟ್ಟಿತು. ಆ ಯುದ್ಧದ ಗತಿಯನ್ನು ಹತ್ತಿಯ ಜಾಡಿನಲ್ಲಿ ಗುರುತಿಸಿ, ಜಾನಪದ ಅಧ್ಯಯನಕ್ಕೆ ಅದರಿಂದ ದೊರೆಯುವ ಒಂದು ಪಾಠವನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯುದ್ಧದ ಕಾರಣ

ಅಮೆರಿಕದ 1860ರ ಜನಗಣತಿಯ ಪ್ರಕಾರ ಅಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಇವರು ಆಫ್ರಿಕದಿಂದ ಬಲಾತ್ಕಾರವಾಗಿ ತಂದವರ ಸಂತತಿಯವರು. ಕಾನೂನಿನ ದೃಷ್ಟಿಯಲ್ಲಿ ಇವರು ಆಸ್ತಿ. ಮಾರಬಹುದಾದ, ಅಡವಿಡಬಹುದಾದ ವಸ್ತು. ತಾಯಿ ಗುಲಾಮಳಾದರೆ ಮಗುವೂ ಗುಲಾಮ. 1793ರಲ್ಲಿ ಎಲಿ ವಿಟ್ನಿ ರೂಪಿಸಿದ ಜಿನ್ನು ಹತ್ತಿಯಿಂದ ಬೀಜವನ್ನು ಶೀಘ್ರವಾಗಿ ಬೇರ್ಪಡಿಸಿತು. ಯಂತ್ರವು ಶ್ರಮವನ್ನು ತಗ್ಗಿಸುವುದೆಂಬ ನಂಬಿಕೆ ಇಲ್ಲಿ ತಲೆಕೆಳಗಾಯಿತು. ಹತ್ತಿ ಬಿಡಿಸುವ ಕೆಲಸ ಸುಲಭವಾದಂತೆ ಹತ್ತಿ ಬೆಳೆಯುವ ನೆಲ ವಿಸ್ತರಿಸಿತು, ಗುಲಾಮಗಿರಿ ಇನ್ನಷ್ಟು ಬಲವಾಯಿತು. 1860ರ ವೇಳೆಗೆ ಇಂಗ್ಲೆಂಡಿನ ಗಿರಣಿಗಳು ಬಳಸುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬರುತ್ತಿತ್ತು.

ಗುಲಾಮಗಿರಿಯು ಹೊಸ ಪ್ರದೇಶಗಳಿಗೆ ಹರಡಬಾರದೆಂಬ ನಿಲುವಿನ ಪಕ್ಷದ ಅಭ್ಯರ್ಥಿಯಾಗಿ ಅಬ್ರಹಾಂ ಲಿಂಕನ್ 1860ರ ನವೆಂಬರಿನಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನ ರಾಜ್ಯವು ಒಕ್ಕೂಟದಿಂದ ಬೇರ್ಪಟ್ಟಿತು. ಮುಂದೆ ಒಟ್ಟು 11 ರಾಜ್ಯಗಳು ಹೊರಬಂದು ಬೇರೆಯೇ ಒಕ್ಕೂಟವನ್ನು ಕಟ್ಟಿಕೊಂಡವು. ದಕ್ಷಿಣದವರು ಹೋರಾಡಿದ್ದು ರಾಜ್ಯಗಳ ಹಕ್ಕಿಗಾಗಿ ಎಂಬ ವಾದ ಯುದ್ಧಾನಂತರ ಪ್ರಬಲವಾಯಿತು. ಆದರೆ ಬೇರ್ಪಡುವಾಗ ಆ ರಾಜ್ಯಗಳು ಹೊರಡಿಸಿದ ಘೋಷಣೆಗಳಲ್ಲಿ ಗುಲಾಮಗಿರಿಯ ರಕ್ಷಣೆಯೇ ಮುಖ್ಯ ಕಾರಣವಾಗಿ ಕಾಣುತ್ತದೆ. ಹೊಸ ಒಕ್ಕೂಟದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚಿನ ಭಾಷಣದಲ್ಲಿ ತಮ್ಮ ಸರ್ಕಾರದ ಮೂಲೆಗಲ್ಲೇ ಅದೆಂದು ಸಾರಿದರು. ಪ್ರತ್ಯೇಕತೆ ಇಲ್ಲಿ ಸಾಧನ. ಗುಲಾಮಗಿರಿಯನ್ನು ಉಳಿಸಿಕೊಳ್ಳುವುದು ಗುರಿ.

ಯುದ್ಧದ ಗತಿ

1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರು ಗುಂಡು ಹಾರಿಸುವುದರೊಂದಿಗೆ ಯುದ್ಧ ಆರಂಭವಾಯಿತು. ವಾರದೊಳಗೆ ಲಿಂಕನ್ ದಕ್ಷಿಣದ ಬಂದರುಗಳಿಗೆ ನೌಕಾ ದಿಗ್ಬಂಧನವನ್ನು ಘೋಷಿಸಿದರು. ಉತ್ತರದಲ್ಲಿ ಸುಮಾರು 2.2 ಕೋಟಿ ಜನರಿದ್ದರೆ ದಕ್ಷಿಣದಲ್ಲಿ ಸುಮಾರು 90 ಲಕ್ಷ. ಅವರಲ್ಲಿ 35 ಲಕ್ಷ ಮಂದಿ ಗುಲಾಮರು. ಕಾರ್ಖಾನೆ, ರೈಲು, ನೌಕಾಬಲಗಳಲ್ಲಿಯೂ ಉತ್ತರವೇ ಮುಂದಿತ್ತು. ಹೀಗಿದ್ದೂ ಮೊದಲೆರಡು ವರ್ಷ ಪೂರ್ವ ರಣರಂಗದಲ್ಲಿ ದಕ್ಷಿಣದ ಸೈನ್ಯ ಹಲವು ಗೆಲುವುಗಳನ್ನು ಪಡೆಯಿತು.

ಈ ಹಂತದಲ್ಲಿ ದಕ್ಷಿಣದ ನಾಯಕರು ನೆಚ್ಚಿದ್ದು ಹತ್ತಿಯನ್ನು. ಹತ್ತಿ ನಿಂತರೆ ಇಂಗ್ಲೆಂಡಿನ ಗಿರಣಿಗಳು ನಿಲ್ಲುತ್ತವೆ, ಆಗ ಇಂಗ್ಲೆಂಡು ತಮಗೆ ಮಾನ್ಯತೆ ಕೊಡಲೇಬೇಕಾಗುತ್ತದೆ ಎಂದು ಲೆಕ್ಕ ಹಾಕಿ, 1861ರಲ್ಲಿ ತಾವಾಗಿಯೇ ಹತ್ತಿಯ ರಫ್ತನ್ನು ತಡೆಹಿಡಿದರು. ಈ ಲೆಕ್ಕ ಮೂರು ಕಾರಣಗಳಿಂದ ತಪ್ಪಿತು. ಹಿಂದಿನ ವರ್ಷಗಳ ಸಮೃದ್ಧ ಬೆಳೆಯಿಂದ ಇಂಗ್ಲೆಂಡಿನಲ್ಲಿ ದಾಸ್ತಾನಿತ್ತು. ಅದು ಮುಗಿಯುವ ವೇಳೆಗೆ ಭಾರತ ಹಾಗೂ ಈಜಿಪ್ಟಿನ ಹತ್ತಿ ಅಲ್ಲಿಗೆ ಹರಿಯತೊಡಗಿತು. ಮೂರನೆಯದಾಗಿ, 1862ರ ಸೆಪ್ಟೆಂಬರ್ 17ರ ಆಂಟೀಟಮ್ ಕದನದ ಬಳಿಕ ಲಿಂಕನ್ ವಿಮೋಚನೆಯ ಮುನ್ಸೂಚನೆ ನೀಡಿ, 1863ರ ಜನವರಿ 1ರಂದು ವಿಮೋಚನಾ ಘೋಷಣೆಯನ್ನು ಜಾರಿಗೊಳಿಸಿದರು. ದಂಗೆಯೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸಿದ ಈ ಘೋಷಣೆ ಯುದ್ಧದ ಸ್ವರೂಪವನ್ನೇ ಬದಲಿಸಿತು. ಒಕ್ಕೂಟದ ಉಳಿವಿಗೆ ನಡೆಯುತ್ತಿದ್ದ ಯುದ್ಧ ಗುಲಾಮರ ಬಿಡುಗಡೆಯ ಯುದ್ಧವಾಯಿತು. ಅದನ್ನು ವಿರೋಧಿಸಿ ದಕ್ಷಿಣದ ಪಕ್ಷ ವಹಿಸುವುದು ಇಂಗ್ಲೆಂಡಿಗೆ ಕಷ್ಟವಾಯಿತು. ಹತ್ತಿಯಿಲ್ಲದೆ ಕೆಲಸ ಕಳೆದುಕೊಂಡ ಸೀಮೆಯಲ್ಲೇ, ಮ್ಯಾಂಚೆಸ್ಟರಿನ ಕಾರ್ಮಿಕರು 1862ರ ಡಿಸೆಂಬರ್ 31ರಂದು ಸಭೆ ಸೇರಿ ಲಿಂಕನ್ನರಿಗೆ ಬೆಂಬಲ ಸೂಚಿಸಿದ್ದು ಗಮನಾರ್ಹ.

ಬಿಡುಗಡೆಯು ಮೇಲಿನಿಂದ ಇಳಿದ ಕೊಡುಗೆ ಮಾತ್ರವಾಗಿರಲಿಲ್ಲ. 1861ರ ಮೇ ತಿಂಗಳಿನಿಂದಲೇ ಗುಲಾಮರು ತೋಟಗಳನ್ನು ಬಿಟ್ಟು ಉತ್ತರದ ಸೇನೆಯ ನೆಲೆಗಳಿಗೆ ಓಡಿಬರತೊಡಗಿದ್ದರು. ಮುಂದೆ ಸುಮಾರು 1.8 ಲಕ್ಷ ಕಪ್ಪು ಸೈನಿಕರು ಆ ಸೇನೆಯಲ್ಲಿ ಸೇರಿ ಹೋರಾಡಿದರು. 1863ರ ಜುಲೈ ಮೊದಲ ವಾರದಲ್ಲಿ ಗೆಟಿಸ್‌ಬರ್ಗ್‌ನಲ್ಲಿ ದಕ್ಷಿಣದ ಸೇನಾನಿ ಲೀ ಹಿಮ್ಮೆಟ್ಟಿದರು. ವಿಕ್ಸ್‌ಬರ್ಗ್ ಪತನವಾಗಿ ಮಿಸಿಸಿಪ್ಪಿ ನದಿ ಉತ್ತರದ ವಶವಾಗುವ ಹಾದಿ ತೆರೆಯಿತು. 1864ರಲ್ಲಿ ಶೆರ್ಮನ್ನರು ಅಟ್ಲಾಂಟವನ್ನು ಗೆದ್ದು ಸಮುದ್ರದವರೆಗೆ ಸಾಗಿದರು. 1865ರ ಏಪ್ರಿಲ್ 9ರಂದು ಲೀ ಶರಣಾದರು. ಐದು ದಿನಗಳ ತರುವಾಯ ಲಿಂಕನ್ನರ ಮೇಲೆ ಗುಂಡು ಹಾರಿತು; ಮರುದಿನ ಅವರು ಮೃತರಾದರು. ಡಿಸೆಂಬರಿನಲ್ಲಿ ಸಂವಿಧಾನದ 13ನೆಯ ತಿದ್ದುಪಡಿಯು ಗುಲಾಮಗಿರಿಯನ್ನು ದೇಶದಾದ್ಯಂತ ರದ್ದುಪಡಿಸಿತು. ಯುದ್ಧದಲ್ಲಿ ಸತ್ತವರ ಸಂಖ್ಯೆಯನ್ನು 6.2 ಲಕ್ಷದಿಂದ 7.5 ಲಕ್ಷದವರೆಗೆ ಅಂದಾಜಿಸಲಾಗಿದೆ.

ಧಾರವಾಡದ ಹತ್ತಿ

ಈ ಯುದ್ಧಕ್ಕೂ ಕನ್ನಡ ನಾಡಿಗೂ ಇದ್ದ ನಂಟು ಆಕಸ್ಮಿಕವಲ್ಲ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದಿಂದ ಹತ್ತು ಮಂದಿ ಬೆಳೆಗಾರರನ್ನು ಭಾರತಕ್ಕೆ ಕರೆಸಿತು. ಉದ್ದ ಎಳೆಯ ಅಮೆರಿಕದ ಹತ್ತಿಯನ್ನು ಇಲ್ಲಿ ಬೆಳೆಸುವ ಪ್ರಯತ್ನಗಳು ಹಲವೆಡೆ ಸೋತರೂ ಧಾರವಾಡ, ಹುಬ್ಬಳ್ಳಿ, ಗದಗ ಭಾಗದ ಎರೆಭೂಮಿಯಲ್ಲಿ ಫಲಿಸಿದವು. ರೈತರು ಅದನ್ನು ವಿಲಾಯತಿ ಹತ್ತಿ ಎಂದೂ ತಮ್ಮದನ್ನು ಜವಾರಿ ಹತ್ತಿ ಎಂದೂ ಕರೆದರು. ಜವಾರಿ ಹತ್ತಿಯು ಕುಮಟಾ ಬಂದರಿನಿಂದ ಸಾಗಿದ ಕಾರಣ ಬೊಂಬಾಯಿ ಮಾರುಕಟ್ಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಾಯಿತು. ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಜವಾರಿ ಹತ್ತಿಯ ಬೀಜ ಬಿಡಿಸುತ್ತಿದ್ದರು. ವಿಲಾಯತಿ ಹತ್ತಿಯ ಬೀಜ ಹೀಗೆ ಬಿಡುತ್ತಿರಲಿಲ್ಲ. ಅದಕ್ಕೆ ಗರಗಸದ ಜಿನ್ನೇ ಬೇಕಾಯಿತು. ಅದನ್ನು ತಯಾರಿಸಲು, ದುರಸ್ತಿ ಮಾಡಲು ಧಾರವಾಡದಲ್ಲಿ ಸರ್ಕಾರಿ ಕಾರ್ಖಾನೆಯೂ ಏರ್ಪಟ್ಟಿತು. ಅಮೆರಿಕದಲ್ಲಿ ಗುಲಾಮಗಿರಿಗೆ ಬಲ ತುಂಬಿದ ಯಂತ್ರವೇ ಧಾರವಾಡದ ಹಳ್ಳಿಗಳಿಗೂ ಬಂದಿತು.

ದಿಗ್ಬಂಧನ ಬಿಗಿಯಾದಂತೆ ಲಿವರ್‌ಪೂಲಿನಲ್ಲಿ ಬೆಲೆ ಹಲವು ಪಟ್ಟು ಏರಿತು. ಬೊಂಬಾಯಿಗೆ ಹಣ ಹರಿಯಿತು. ಆಸೆಗೆ ಬಿದ್ದು ಹತ್ತಿಯಲ್ಲಿ ಬೀಜ, ಕಸ, ಕೀಳು ಹತ್ತಿಗಳ ಕಲಬೆರಕೆ ಹೆಚ್ಚಿದಾಗ ಬೊಂಬಾಯಿ ಸರ್ಕಾರವು 1863ರಲ್ಲಿ ಅದನ್ನು ತಡೆಯಲು ಕಾಯಿದೆಯನ್ನೇ ತರಬೇಕಾಯಿತು. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟಗಳ ಮಾರ್ಗವಾಗಿ ಕರಾವಳಿಗೆ ಹತ್ತಿ ಇಳಿಸುವ ದಾರಿಗೆ ಮಹತ್ವ ಬಂದಿತು. ಹತ್ತಿ ಬೆಳೆಯುವ ಧಾರವಾಡ ಬೊಂಬಾಯಿ ಪ್ರಾಂತದಲ್ಲಿ, ಅದನ್ನು ಸಾಗಿಸುವ ಬಂದರು ಮದರಾಸು ಪ್ರಾಂತದಲ್ಲಿ ಇದ್ದುದು ತೊಡಕಾಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಬೊಂಬಾಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಕಾರವಾರ ಬಂದರಿನ ಅಭಿವೃದ್ಧಿ ಹಾಗೂ ಹತ್ತಿಯ ಸಾಗಣೆ ಈ ನಿರ್ಧಾರದ ಹಿಂದಿನ ಮುಖ್ಯ ಪ್ರೇರಣೆಗಳಾಗಿದ್ದವು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಕನ್ನಡದ ಕರಾವಳಿ ಹೀಗೆ ಎರಡು ಪ್ರಾಂತಗಳಲ್ಲಿ ಹಂಚಿಹೋಗಿ, ಮತ್ತೆ ಒಂದೇ ಆಡಳಿತಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಆಗಲೂ ಕಾಸರಗೋಡು ಕೇರಳದ ಪಾಲಾಯಿತು.

1865ರಲ್ಲಿ ಯುದ್ಧ ನಿಂತೊಡನೆ ಬೆಲೆ ಕುಸಿಯಿತು. ಬೊಂಬಾಯಿಯ ಷೇರು ವ್ಯವಹಾರ ಬಿದ್ದುಹೋಯಿತು. ಹಳೆಯ ಬ್ಯಾಂಕ್ ಆಫ್ ಬಾಂಬೆ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಏರಿದ ಬೆಲೆಯನ್ನು ನಂಬಿ ಸಾಲ ಮಾಡಿದ್ದ ರೈತನಿಗೆ ಬೆಲೆ ಇಳಿದರೂ ಸಾಲ ಇಳಿಯಲಿಲ್ಲ. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟ ದಂಗೆಗೆ ಈ ಏರಿಳಿತವೂ ಒಂದು ಹಿನ್ನೆಲೆ. 1876-78ರ ಭೀಕರ ಬರ ಧಾರವಾಡ, ವಿಜಾಪುರ, ಮೈಸೂರು ಸೀಮೆಗಳನ್ನು ಬಡಿದಾಗ ಹಲವರ ಬಳಿ ಉಳಿತಾಯವಿರಲಿಲ್ಲ.

ಜೀತ ಎಂಬ ಪದ

ಅಮೆರಿಕದ ಗುಲಾಮಗಿರಿಯ ಚರ್ಚೆ ನಮ್ಮ ನೆಲದ ದಾಸ್ಯವನ್ನೂ ನೋಡುವಂತೆ ಮಾಡಬೇಕು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದ 1833ರ ಕಾಯಿದೆಯು ಕಂಪನಿಯ ಆಳ್ವಿಕೆಯ ಭಾರತವನ್ನು ಹೊರಗಿಟ್ಟಿತ್ತು. 1800-01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಕೆನರಾ, ಮಲಬಾರುಗಳಲ್ಲಿ ಭೂಮಾಲೀಕರ ಅಧೀನದಲ್ಲಿದ್ದ ಗುಲಾಮರ ಬಗ್ಗೆ ವಿವರವಾಗಿ ದಾಖಲಿಸಿದ್ದಾನೆ. 1843ರ ಐದನೆಯ ಕಾಯಿದೆ ಗುಲಾಮಗಿರಿಗೆ ನ್ಯಾಯಾಲಯದ ಮಾನ್ಯತೆಯನ್ನು ನಿರಾಕರಿಸಿತು. ಭಾರತೀಯ ದಂಡಸಂಹಿತೆಯು ಮನುಷ್ಯರನ್ನು ಗುಲಾಮರನ್ನಾಗಿ ಕೊಳ್ಳುವ, ಮಾರುವ ಕೃತ್ಯವನ್ನು ಅಪರಾಧವೆಂದು ಸಾರಿ 1862ರಲ್ಲಿ ಜಾರಿಗೆ ಬಂದಿತು. ಅದು ಅಮೆರಿಕದಲ್ಲಿ ಯುದ್ಧ ನಡೆಯುತ್ತಿದ್ದ ವರ್ಷವೇ.

ಆದರೆ ದಾಸ್ಯ ಸಾಲದ ರೂಪದಲ್ಲಿ ಉಳಿಯಿತು. ಜೀತ ಎಂಬ ಪದ ಜೀವಿತದ ತದ್ಭವ. ಹಳಗನ್ನಡದಲ್ಲಿ ಅದಕ್ಕೆ ಸೇವೆಗೆ ದೊರೆಯುವ ಸಂಬಳ, ಬದುಕಿನ ಆಧಾರ ಎಂಬ ಗೌರವದ ಅರ್ಥವಿತ್ತು. ಅದೇ ಪದ ತೀರದ ಸಾಲಕ್ಕೆ ತಲೆಮಾರುಗಳವರೆಗೆ ದುಡಿಯುವ ಕಟ್ಟಿಗೆ ಹೆಸರಾದುದು ಸಮಾಜದ ಚರಿತ್ರೆಯನ್ನೇ ಹೇಳುತ್ತದೆ. ಜೀತವನ್ನೂ ಅಮೆರಿಕದ ಗುಲಾಮಗಿರಿಯನ್ನೂ ಒಂದೇ ಎನ್ನಲಾಗದು. ಅಲ್ಲಿ ಮನುಷ್ಯ ಕಾನೂನುಬದ್ಧ ಆಸ್ತಿ, ಆಧಾರ ವರ್ಣಭೇದ; ಇಲ್ಲಿ ಆಧಾರ ಸಾಲ ಹಾಗೂ ಜಾತಿ. ಎರಡೂ ಕೂಡುವುದು ಬಿಡುಗಡೆಯ ಅನಂತರದ ಹಂತದಲ್ಲಿ. ದಕ್ಷಿಣದ ರಾಜ್ಯಗಳಲ್ಲಿ ಬಿಡುಗಡೆಗೊಂಡವರಿಗೆ ಭೂಮಿ ದೊರೆಯಲಿಲ್ಲ. ಅವರು ಹಳೆಯ ಒಡೆಯರ ಹೊಲವನ್ನೇ ಪಾಲಿಗೆ ಮಾಡಿ, ಬಿತ್ತನೆಗೂ ಊಟಕ್ಕೂ ಸಾಲ ತಂದು, ಸುಗ್ಗಿಯ ಲೆಕ್ಕದಲ್ಲಿ ಪ್ರತಿವರ್ಷ ಬಾಕಿದಾರರಾದರು. ನಮ್ಮಲ್ಲಿ ಜೀತಪದ್ಧತಿ ರದ್ದತಿ ಕಾಯಿದೆ ಬಂದದ್ದು 1976ರಲ್ಲಿ. ಕೊರಗ ಸಮುದಾಯದ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕವು 2000ದಲ್ಲಿ ಪ್ರತ್ಯೇಕ ಕಾಯಿದೆಯನ್ನು ಮಾಡಬೇಕಾಯಿತು. ಸರಪಳಿಯನ್ನು ಕಡಿಯುವ ಕಾನೂನು ಸಾಲವನ್ನು ಕಡಿಯದಿದ್ದರೆ ಬಿಡುಗಡೆ ಅರ್ಧದಲ್ಲೇ ನಿಲ್ಲುತ್ತದೆ.

ದುಡಿದವರ ದನಿ

ಜಾನಪದ ವಿದ್ವಾಂಸರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಯುದ್ಧಕಾಲದಲ್ಲಿ ದಕ್ಷಿಣ ಕೆರೊಲಿನದ ಕಡಲ ದ್ವೀಪಗಳಲ್ಲಿ ಹಾಗೂ ಇತರೆಡೆಗಳಲ್ಲಿ ಕೇಳಿದ 136 ಹಾಡುಗಳು 1867ರಲ್ಲಿ ಪುಸ್ತಕವಾಗಿ ಬಂದವು; ಇದು ಗುಲಾಮರ ಹಾಡುಗಳ ಮೊದಲ ಸಂಕಲನ. 1936-38ರಲ್ಲಿ ಸರ್ಕಾರಿ ಯೋಜನೆಯಡಿ, ಗುಲಾಮರಾಗಿದ್ದು ಬದುಕುಳಿದ ವೃದ್ಧರ 2,300ಕ್ಕೂ ಹೆಚ್ಚು ಕಥನಗಳನ್ನು ಸಂಗ್ರಹಿಸಲಾಯಿತು. ಪ್ರಶ್ನೆ ಕೇಳಿದವರಲ್ಲಿ ಬಹುಪಾಲು ಬಿಳಿಯರಾದ್ದರಿಂದ ಎಷ್ಟೋ ಮಂದಿ ಮಾತನ್ನು ತಡೆದು ಆಡಿದರೆಂಬ ಮಿತಿಯನ್ನೂ ವಿದ್ವಾಂಸರು ಗುರುತಿಸಿದ್ದಾರೆ. ಆದರೂ ತೋಟದ ಬದುಕು ಸುಖಮಯವಾಗಿತ್ತೆಂಬ ಒಡೆಯರ ನಿರೂಪಣೆಯನ್ನು ಅಲ್ಲಗಳೆಯಲು ಈ ಸಾಕ್ಷ್ಯಗಳು ನೆರವಾದವು.

ನಮ್ಮಲ್ಲಿ 1857ರ ಹಲಗಲಿಯ ಬೇಡರ ಬಂಡಾಯ ಲಾವಣಿಯಾಗಿ ಉಳಿಯಿತು. ಫ್ಲೀಟರಂತಹ ಸಂಗ್ರಾಹಕರಿಂದ ಮುದ್ರಣವನ್ನೂ ಕಂಡಿತು. ತುಳುನಾಡಿನಲ್ಲಿ ಕೊರಗತನಿಯನ ಪಾಡ್ದನ ಅಧೀನ ಸಮುದಾಯದ ಯುವಕನೊಬ್ಬನ ದುರಂತವನ್ನು ದೈವದ ಕಥೆಯಾಗಿ ಕಾಪಾಡಿದೆ. ಹತ್ತಿಯ ಬಂಡಿಗಳು ಸಾಗಿದ ಯಲ್ಲಾಪುರದ ಕಾಡುಗಳಲ್ಲಿ, ಹಳಿಯಾಳ, ಅಂಕೋಲಾ ಭಾಗಗಳಲ್ಲಿ ಸಿದ್ದಿಗಳು ನೆಲೆಸಿದ್ದಾರೆ. ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದ ಆಫ್ರಿಕನ್ನರ ಸಂತತಿಯವರಾದ ಇವರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಇವರ ದಮಾಮಿ ಕುಣಿತವನ್ನು ವೇದಿಕೆಯ ಕಲೆಯಾಗಿ ಮಾತ್ರ ನೋಡದೆ, ತಪ್ಪಿಸಿಕೊಂಡು ಬಂದವರ ನೆನಪಿನ ಭಾಗವಾಗಿಯೂ ಅಧ್ಯಯನ ಮಾಡಬೇಕು.

ಒಟ್ಟಾರೆ, ಅಮೆರಿಕದ ಅಂತರ್ಯುದ್ಧವನ್ನು ಕದನಗಳ ಪಟ್ಟಿಯಾಗಿ ಓದಿದರೆ ಅದು ದೂರದ ಕಥೆ. ಹತ್ತಿಯ ಜಾಡಿನಲ್ಲಿ ಓದಿದಾಗ ಅದು ನಮ್ಮ ಹೊಲ, ಘಟ್ಟ, ಬಂದರು, ಗಡಿಗಳ ಕಥೆಯೂ ಹೌದು. ದುಡಿದವರ ದನಿಯ ಮೂಲಕ ಓದಿದಾಗ ಅದು ನಮ್ಮ ಮುಂದೆ ಒಂದು ಕರ್ತವ್ಯವನ್ನು ಇಡುತ್ತದೆ. ಅಮೆರಿಕದಲ್ಲಿ ಆ ಕಥನಗಳನ್ನು ಬರೆದುಕೊಂಡದ್ದು ಬಿಡುಗಡೆಯಾಗಿ 70 ವರ್ಷಗಳಾದ ಮೇಲೆ. ಆಗ ಉಳಿದಿದ್ದವರು ಬಾಲ್ಯದಲ್ಲಿ ಗುಲಾಮಗಿರಿ ಕಂಡವರು. ನಮ್ಮಲ್ಲಿ 1976ಕ್ಕೆ ಮೊದಲು ಜೀತಕ್ಕಿದ್ದವರು ಈಗ ಮುಪ್ಪಿನಲ್ಲಿದ್ದಾರೆ. ಅವರ ಊರಿಗೆ ಹೋಗಿ, ಅವರವರ ನುಡಿಯಲ್ಲಿ, ಅವರದೇ ಸಮುದಾಯದ ಯುವ ಸಂಶೋಧಕರಿಂದ ಈ ಸಾಕ್ಷ್ಯಗಳನ್ನು ದಾಖಲಿಸುವ ಕಾರ್ಯವನ್ನು ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ವಿಳಂಬವಿಲ್ಲದೆ ಕೈಗೊಳ್ಳಬೇಕಾಗಿದೆ.