ಹಳೆಯ ಜೀಪಿಗೆ ಹೊಸ ಬಿಡಿಭಾಗ

ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ ಜೀಪು 1941ರಿಂದ 1945ರವರೆಗೆ ಅಮೆರಿಕದಲ್ಲಿ ತಯಾರಾಯಿತು. ಅದರದೇ ವಂಶದ ಸಿಜೆ-3ಬಿ 1953ರಲ್ಲಿ ಬಂತು. ಅದನ್ನೇ ಮಹೀಂದ್ರಾ ಸಂಸ್ಥೆ ದಶಕಗಳ ಕಾಲ ತಯಾರಿಸಿತು. ಮಲೆನಾಡು, ಕೊಡಗಿನ ಕಾಫಿ ತೋಟಗಳ ಏರುದಾರಿಗಳಲ್ಲಿ ಓಡಾಡಿದ್ದು ಹೆಚ್ಚಾಗಿ ಈ ವಂಶದ ಜೀಪುಗಳೇ. ಮೂಲ ಕಾರ್ಖಾನೆ ಕೈಬಿಟ್ಟರೂ ಇವುಗಳ ಪಿಸ್ಟನ್‌ನಿಂದ ಹಿಡಿದು ಇಡೀ ಬಾಡಿಯವರೆಗೆ ಬಹುತೇಕ ಎಲ್ಲವನ್ನೂ ಬೇರೆ ತಯಾರಕರು ಇಂದಿಗೂ ಮಾಡಿ ಮಾರುತ್ತಾರೆ. ಭಾಗ ಸಿಗುವುದು ಕಷ್ಟವಲ್ಲ, ಸಿಕ್ಕಿದ್ದು ಕೂರುವುದೇ ಕಷ್ಟ.

ಮೊದಲ ತೊಡಕು, ಮನೆಯಲ್ಲಿರುವ ಜೀಪು ಯಾವುದು ಎಂಬುದೇ. ಎಂಬಿ ಮತ್ತು ಸಿಜೆ-3ಬಿ ಎರಡರ ಎಂಜಿನ್ನೂ 2,199 ಸಿಸಿ, ಬೋರ್ ಕೂಡ ಒಂದೇ, ಮೂರು ಇಂಚು ಮತ್ತು ಇಂಚಿನ ಎಂಟನೇ ಒಂದು ಭಾಗ. ಆದರೆ 3ಬಿಯಲ್ಲಿ ಇನ್‌ಟೇಕ್ ವಾಲ್ವ್‌ಗಳು ಹೆಡ್ಡಿಗೆ ಏರಿದವು. ಎಂಜಿನ್ ಎತ್ತರವಾಯಿತು, ಬಾನೆಟ್ಟೂ ಉಬ್ಬಿತು. ಒಂದರ ಹೆಡ್ ಪ್ಯಾಕಿಂಗ್ ಇನ್ನೊಂದಕ್ಕೆ ಬರುವುದಿಲ್ಲ. ಅರವತ್ತು, ಎಪ್ಪತ್ತು ವರ್ಷ ದುಡಿದ ಜೀಪಿನಲ್ಲಿ ಹೌಸಿಂಗ್ ಒಂದರದು, ಗೇರ್‌ಬಾಕ್ಸ್ ಮತ್ತೊಂದರದು, ಎಂಜಿನ್ ಡೀಸೆಲ್‌ನದು ಆಗಿರುವುದೂ ಉಂಟು. ಆದ್ದರಿಂದ ಅಂಗಡಿಯಲ್ಲಿ ಮಾಡೆಲ್ ಹೆಸರು ಹೇಳುವುದಕ್ಕಿಂತ ಬಿಚ್ಚಿದ ಭಾಗವನ್ನೇ ಕೌಂಟರಿನ ಮೇಲಿಟ್ಟು, ಹೊಸದರ ಪಕ್ಕ ಹಿಡಿದು ಅಳೆಯುವುದು ಲೇಸು. ಕೆಲಸ ಮುಗಿಯುವವರೆಗೂ ಹಳೆಯದು ಗುಜರಿಗೆ ಹೋಗಬಾರದು.

ಹೆಚ್ಚಿನ ಹಾನಿ ಆಗುವುದು ಬೋಲ್ಟುಗಳಲ್ಲಿ. ವಿಲ್ಲೀಸ್ ಇಂಚಿನ ಲೆಕ್ಕದ ಗಾಡಿ. ಇಂದಿನ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಮಿಲಿಮೀಟರ್ ಬೋಲ್ಟು. ಇಂಚಿನ ಹದಿನಾರರಲ್ಲಿ ಐದು ಭಾಗವೆಂದರೆ 7.94 ಮಿ.ಮೀ. ಕಣ್ಣಿಗೆ ಅದು 8 ಮಿ.ಮೀ. ಬೋಲ್ಟಿನಂತೆಯೇ. ಎರಡು ಸುತ್ತು ಸಲೀಸಾಗಿ ಹೋಗಿ ಬಿಗಿಯುತ್ತದೆ, ಸ್ಪ್ಯಾನರ್‌ಗೆ ಪೈಪು ಸಿಕ್ಕಿಸಿ ತಿರುಗಿಸಿದರೆ ಒಳಗಿನ ಥ್ರೆಡ್ಡೇ ಕಿತ್ತು ಬರುತ್ತದೆ. ಕೈಯಿಂದ ಕೊನೆಯವರೆಗೆ ತಿರುಗದ ಬೋಲ್ಟು ಆ ತೂತಿನದಲ್ಲ. ಇನ್ನೊಂದು ಗುಟ್ಟು ಎಡಬದಿಯ ಚಕ್ರಗಳದ್ದು: ವಿಲ್ಲೀಸ್ ಅಲ್ಲಿ ಎಡಮುಖ ಥ್ರೆಡ್ಡಿನ ನಟ್ಟುಗಳನ್ನು ಕೊಟ್ಟಿತ್ತು. ಇದು ತಿಳಿಯದೆ ಮುರಿದ ಸ್ಟಡ್ಡುಗಳಿಗೆ ಲೆಕ್ಕವಿಲ್ಲ.

ಎಂಜಿನ್ ಒಳಗೆ ಕ್ರಮ ಮುಖ್ಯ. ಸವೆದ ಸಿಲಿಂಡರನ್ನು ಅಳೆದು, ಓವರ್‌ಸೈಜ್ ಪಿಸ್ಟನ್ ತಂದು, ಆ ಪಿಸ್ಟನ್ನನ್ನೇ ಅಳತೆಯಾಗಿಟ್ಟು ಬೋರ್ ಮಾಡಿಸಬೇಕು. ಮೊದಲೇ ಬೋರ್ ಮಾಡಿಸಿ ಪಿಸ್ಟನ್ ಹುಡುಕುತ್ತ ಹೊರಟರೆ ಸಡಿಲವಾದದ್ದೋ ಬಿಗಿಯಾದದ್ದೋ ಸಿಗುತ್ತದೆ.

ಕ್ರೌನ್–ಪಿನಿಯನ್ ವಿಷಯದಲ್ಲಿ ಹಲ್ಲು ಎಣಿಸದೆ ಕೊಳ್ಳುವಂತಿಲ್ಲ. ಎಂಬಿಯದು 39ಕ್ಕೆ 8, ಸಿಜೆ-3ಬಿಯದು 43ಕ್ಕೆ 8. ಹಿಂದೆ ಒಂದು, ಮುಂದೆ ಇನ್ನೊಂದು ಕೂರಿಸಿದ ಜೀಪು ಎರಡು ಚಕ್ರದ ಚಾಲನೆಯಲ್ಲಿ ಸುಮ್ಮನೆ ಓಡುತ್ತದೆ. ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಿದಾಗ ಎರಡು ಆಕ್ಸೆಲ್‌ಗಳೂ ಒಂದನ್ನೊಂದು ಎಳೆದಾಡಿ ಗೇರುಗಳು ನಲುಗುತ್ತವೆ. ಕೆಸರಿನಲ್ಲಿ ಚಕ್ರ ಜಾರುವುದರಿಂದ ತಪ್ಪು ಬೇಗ ಬಯಲಾಗುವುದೂ ಇಲ್ಲ.

ರಬ್ಬರ್ ಹಳೆಯ ದಾಸ್ತಾನಿನದ್ದಾದರೆ ಬೇಡವೇ ಬೇಡ, ಪೊಟ್ಟಣದ ಮೇಲೆ ಮೂಲ ಕಂಪನಿಯ ಮುದ್ರೆ ಇದ್ದರೂ ಸರಿ. ಬ್ರೇಕ್ ಸಿಲಿಂಡರಿನ ಕಪ್‌ಗಳು ಕುಳಿತಲ್ಲೇ ಗಡುಸಾಗುತ್ತವೆ. ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಈ ಕಾಲದಲ್ಲಿ ಪೆಟ್ರೋಲ್ ಪಂಪಿನ ಹಳೆಯ ಡಯಾಫ್ರಮ್ಮೂ ಹೆಚ್ಚು ಬಾಳುವುದಿಲ್ಲ. ಎಂಬಿಯ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. 12ಕ್ಕೆ ಬದಲಿಸುವವರು ಬಲ್ಬು, ಕಾಯಿಲ್, ಹಾರ್ನ್, ಡೈನಮೋ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕು.

ಹೊಸ ಬಾಡಿಯನ್ನು ಪೇಂಟಿಗೆ ಮುಂಚೆ ಚಾಸಿಯ ಮೇಲೆ ಸಡಿಲವಾಗಿ ಕೂರಿಸಿ, ಬಾನೆಟ್, ಗ್ರಿಲ್, ವಿಂಡ್‌ಶೀಲ್ಡ್ ಎಲ್ಲ ಜೋಡಿಸಿ ನೋಡುವುದು ಟಿಂಕರುಗಳ ರೂಢಿ. ತೂತುಗಳು ಒಂದಿಷ್ಟು ತಪ್ಪಿರುವುದು ಸಾಮಾನ್ಯ. ಬಣ್ಣ ಬಳಿದ ಮೇಲೆ ಡ್ರಿಲ್ ಹಿಡಿದರೆ ಅಲ್ಲಿಂದಲೇ ತುಕ್ಕು ಶುರು.

ಕಾಗದಪತ್ರದ ಕಡೆಯಿಂದಲೂ ಒಂದು ಮಿತಿ ಇದೆ. ಭಾರತದಲ್ಲಿ 2021ರಿಂದ 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಸಿಗುತ್ತದೆ. ವಾಹನ ಮೂಲರೂಪದಲ್ಲಿರಬೇಕು; ಚಾಸಿ, ಬಾಡಿ, ಎಂಜಿನ್ ಮಾರ್ಪಟ್ಟಿದ್ದರೆ ಆ ನೋಂದಣಿ ಇಲ್ಲ. ಕ್ಲಚ್ ಪ್ಲೇಟು, ಬೇರಿಂಗುಗಳಂಥ ಸವೆಯುವ ಭಾಗಗಳ ಬದಲಾವಣೆ ಈ ಪಟ್ಟಿಗೆ ಸೇರಿದ್ದಲ್ಲ. ಡೀಸೆಲ್ ಎಂಜಿನ್ ಕೂರಿಸಿದ ವಿಲ್ಲೀಸ್ ಮಾತ್ರ ಎಷ್ಟೇ ಚೆಂದ ಓಡಿದರೂ ಹೊರಗೇ ಉಳಿಯುತ್ತದೆ.