ಮನೆಯ ಗಣಕಯಂತ್ರದಲ್ಲಿ ಧ್ವನಿಮುದ್ರಣ: ತಡವಾಗಿ ಬರುವ ದನಿಯ ಸಮಸ್ಯೆ ಮತ್ತು ಪರಿಹಾರ

ನಮ್ಮ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭಸಂದರ್ಭದಲ್ಲಿ, ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ನನ್ನಿಂದಲೂ ಒಂದು ಲೇಖನವನ್ನು ಅಪೇಕ್ಷಿಸಿದರು. ನಾನು ಸಾಹಿತಿಯಲ್ಲ. ಹಾಡಿಕೆಯಲ್ಲಿ ಆಸಕ್ತಿಯುಳ್ಳ, ಬಿಡುವಿನ ವೇಳೆಯಲ್ಲಿ ಗಣಕಯಂತ್ರದ ಮುಂದೆ ಕೂಡುವ ಈ ಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿ ಮಾತ್ರ. ಆದ್ದರಿಂದ ಉತ್ಸವದ ಸಿದ್ಧತೆಯಲ್ಲಿ ನನ್ನ ಪಾಲಿಗೆ ಬಂದ ಒಂದು ಸಣ್ಣ ಕೆಲಸವನ್ನೂ ಅದರಿಂದ ನಾನು ಕಲಿತ ಪಾಠವನ್ನೂ ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಶಾಲೆಯ ಪ್ರಾರ್ಥನೆಯನ್ನು ನಾವು ಹಾಡುತ್ತಿದ್ದ ಧಾಟಿ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಅದನ್ನು ಕಲಿಸಿದ ಅಕ್ಕೋರು ನಿವೃತ್ತರಾಗಿ ಬಹಳ ವರ್ಷಗಳಾದವು. ಈಗ ಎಂಬತ್ತು ದಾಟಿರುವ ಅವರು ಇಚಲಕರಂಜಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಹಾರ್ಮೋನಿಯಂ ನುಡಿಸುವ ಗೆಳೆಯ ಗಡಹಿಂಗ್ಲಜದಲ್ಲಿ, ತಬಲಾ ಬಲ್ಲ ನಾನು ಕೊಲ್ಹಾಪುರದಲ್ಲಿ. ಈ ವಯಸ್ಸಿನಲ್ಲಿ ಅವರನ್ನು ಊರೂರು ತಿರುಗಿಸುವುದು ಸರಿಯಲ್ಲವೆಂದು, ಗೆಳೆಯನು ತನ್ನ ಮನೆಯಲ್ಲಿಯೇ ಹಾರ್ಮೋನಿಯಂ ನುಡಿಸಿ ಕಳಿಸಿದನು. ಅದಕ್ಕೆ ನಾನು ತಬಲಾ ಸೇರಿಸಿದೆ. ಆ ಮುದ್ರಣವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಅಕ್ಕೋರ ಮನೆಗೆ ಹೋದೆ. ಪಕ್ಕವಾದ್ಯದ ಸದ್ದು ಮೈಕಿಗೆ ಹೋಗಬಾರದೆಂದು ಅವರ ಕಿವಿಗೆ ತಂತಿಯಿಲ್ಲದ ಹೆಡ್‌ಫೋನು ಹಾಕಿ, ಮಗ್ಗಗಳ ಸದ್ದು ಕೇಳದ ಒಳಕೋಣೆಯಲ್ಲಿ ಹಾಡಿಸತೊಡಗಿದೆ.

ಎರಡನೆಯ ಸಾಲಿಗೇ ಅವರು ನಿಂತರು. “ತಮ್ಮಾ, ನಾ ಹಾಡಿದ್ದು ನನಗ ಹಿಂದಿಂದ ಬಂದು ಕೇಳತೈತಿ. ಯಾರೋ ಅಣಕಸಿಧಂಗ ಆಗತೈತಿ” ಎಂದರು. ಮತ್ತೆ ನಾಲ್ಕು ಸಲ ಪ್ರಯತ್ನಿಸಿದರು. ಪ್ರತಿ ಸಲವೂ ಲಯ ಎಳೆಯಿತು, ಸಮ ತಪ್ಪಿತು. ಕೊನೆಗೆ ಹೆಡ್‌ಫೋನು ತೆಗೆದಿಟ್ಟು, “ವಯಸ್ಸಾತು, ತಾಳ ಕೈಬಿಟ್ಟಿತು. ಬ್ಯಾರೆ ಯಾರ ಕಡಿಂದರ ಹಾಡಸು” ಎಂದುಬಿಟ್ಟರು. ತೊಡೆ ತಟ್ಟಿ ನಮಗೆ ತಾಳ ಕಲಿಸಿದವರು ಅವರು. ನಾನು ಅಲ್ಲಗಳೆಯಲಿಲ್ಲ; ಏಕೆಂದರೆ ನನಗೂ ಹಾಗೆಯೇ ಅನ್ನಿಸಿತ್ತು. ಅಂದು ರಾತ್ರಿ ಮನೆಯಲ್ಲಿ ಅದೇ ಹೆಡ್‌ಫೋನು ಹಾಕಿಕೊಂಡು ನಾನೇ ಹಾಡಿ ನೋಡಿದೆ. ನನ್ನ ತಾಳವೂ ತಪ್ಪಿತು. ತಪ್ಪು ಅಕ್ಕೋರದಲ್ಲ, ಯಂತ್ರದ್ದು ಎಂಬುದು ಆಗ ಮನವರಿಕೆಯಾಯಿತು.

ಇದೇಕೆ ಹೀಗಾಗುತ್ತದೆ? ಮೈಕಿನಿಂದ ಬಂದ ದನಿಯನ್ನು ಗಣಕಯಂತ್ರವು ಸಾಮಾನ್ಯವಾಗಿ ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತದೆ. ಆದರೆ ಒಂದೊಂದೇ ಅಂಕಿಯನ್ನು ಕೂಡಲೇ ಮುಂದಕ್ಕೆ ಕಳಿಸುವುದಿಲ್ಲ. ಒಂದಿಷ್ಟು ಕೂಡಿಹಾಕಿ ಒಟ್ಟಿಗೆ ಸಾಗಿಸುತ್ತದೆ. ಕೂಡಿಹಾಕುವ ಆ ಜಾಗಕ್ಕೆ ಬಫರ್ ಎಂದು ಹೆಸರು. ನಮ್ಮ ಭಾಗದ ಗಾಣದ ಮನೆಯನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಗಾಣದಿಂದ ಕಬ್ಬಿನ ಹಾಲು ಒಂದೇ ಸಮನೆ ಸುರಿಯುತ್ತಿದೆ. ಆಳು ಅದನ್ನು ಕೊಡದಲ್ಲಿ ಹಿಡಿದು ಕೊಪ್ಪರಿಗೆಗೆ ಹೊಯ್ಯುತ್ತಾನೆ ಎಂದುಕೊಳ್ಳಿ. ದೊಡ್ಡ ಕೊಡವಾದರೆ ಓಡಾಟ ಕಡಿಮೆ, ಆದರೆ ಮೊದಲು ಬಿದ್ದ ಹನಿ ಕೊಡ ತುಂಬುವವರೆಗೆ ಕಾಯಬೇಕು. ಚಿಕ್ಕ ತಂಬಿಗೆಯಾದರೆ ಹಾಲು ಬೇಗ ಮುಟ್ಟುತ್ತದೆ, ಆದರೆ ಆಳು ಒಂದು ಕ್ಷಣ ತಡಮಾಡಿದರೂ ಹೊರಚೆಲ್ಲುತ್ತದೆ. ಗಣಕಯಂತ್ರದಲ್ಲಿ ಹೀಗೆ ಚೆಲ್ಲಿದ್ದೇ ನಮಗೆ ‘ಚಟಚಟ’ ಸದ್ದಾಗಿ ಕೇಳಿಸುತ್ತದೆ.

ಲೆಕ್ಕ ಹೀಗಿದೆ. 1024 ಅಂಕಿಗಳ ಬಫರ್ ತುಂಬಲು ಸುಮಾರು 23 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಇಪ್ಪತ್ಮೂರು ಭಾಗ, ಬೇಕು. ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ, ಒಟ್ಟು 46. ಅದೇ 128 ಅಂಕಿಗಳಾದರೆ ಎರಡೂ ಸೇರಿ 6 ಮಿಲಿಸೆಕೆಂಡಿಗೂ ಕಡಿಮೆ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, 6 ಮಿಲಿಸೆಕೆಂಡೆಂದರೆ ಎರಡು ಮೀಟರ್ ದೂರ ಕುಳಿತ ತಬಲಜಿಯ ಪೆಟ್ಟು ನಮ್ಮ ಕಿವಿಗೆ ತಲುಪುವ ಕಾಲ. ಅದು ಯಾರನ್ನೂ ಬಾಧಿಸದು. ಆದರೆ ನಿಮಿಷಕ್ಕೆ 120 ಮಾತ್ರೆಗಳ ಲಯದಲ್ಲಿ ಒಂದು ಮಾತ್ರೆಗೆ 500 ಮಿಲಿಸೆಕೆಂಡು. ಅದರಲ್ಲಿ 50 ತಡವಾದರೆ ಮಾತ್ರೆಯ ಹತ್ತನೆಯ ಒಂದು ಪಾಲು ಹೋದಂತಾಯಿತು.

ಇದರ ಮೇಲೆ ತಂತಿಯಿಲ್ಲದ ಹೆಡ್‌ಫೋನು ತನ್ನದೂ ಒಂದಿಷ್ಟು ಸೇರಿಸುತ್ತದೆ. ಬ್ಲೂಟೂತ್‌ನಲ್ಲಿ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡು ಕಳೆಯುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ತನ್ನ ದನಿಯನ್ನೇ ತಡವಾಗಿ ಕೇಳುವವನು ಮಾತಿನಲ್ಲಿ ತಡವರಿಸುತ್ತಾನೆಂಬುದನ್ನು ಬರ್ನಾರ್ಡ್ ಲೀ ಎಂಬ ಅಮೆರಿಕದ ಸಂಶೋಧಕರು 1950ರಲ್ಲಿಯೇ ಪ್ರಕಟಿಸಿದ್ದರು. ಸುಮಾರು 200 ಮಿಲಿಸೆಕೆಂಡು ತಡವಾದಾಗ ತೊಂದರೆ ಅತಿ ಹೆಚ್ಚೆಂದು ನಂತರದ ಪ್ರಯೋಗಗಳಿಂದಲೂ ತಿಳಿದುಬಂದಿದೆ. ತಿಳಿಯದೆ ನಾನು ಅಕ್ಕೋರನ್ನು ಅಂಥ ಪ್ರಯೋಗಕ್ಕೇ ಒಡ್ಡಿದ್ದೆ.

ಇನ್ನು ಪರಿಹಾರಗಳು. ಮೊದಲನೆಯದು, ಖರ್ಚಿಲ್ಲದ್ದು: ಬ್ಲೂಟೂತ್ ಬಿಟ್ಟು ತಂತಿಯ ಹೆಡ್‌ಫೋನು ಬಳಸಬೇಕು.

ಎರಡನೆಯದು, ಹಾಡುವವರ ದನಿಯನ್ನು ಗಣಕಯಂತ್ರದ ಮೂಲಕ ಅವರಿಗೆ ಕೇಳಿಸುವುದನ್ನೇ ನಿಲ್ಲಿಸಬೇಕು. ಅವರಿಗೆ ಪಕ್ಕವಾದ್ಯ ಕೇಳಿದರೆ ಸಾಕು. ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ಹೀಗೆ ದನಿಯನ್ನು ಕೇಳಿಸುವ ಒಂದು ಆಯ್ಕೆಯಿದೆ, ಅದನ್ನು ಆರಿಸಿಡಬೇಕು. ಹೆಡ್‌ಫೋನನ್ನು ಒಂದು ಕಿವಿಗೆ ಮಾತ್ರ ಹಾಕಿ ಇನ್ನೊಂದನ್ನು ತೆರೆದಿಟ್ಟರೆ ಸ್ವಂತ ದನಿ ಸಹಜವಾಗಿ ಕೇಳುತ್ತದೆ. ಕಿವಿಗೆ ಕೈಹಚ್ಚಿ ಹಾಡುವ ನಮ್ಮ ಹಾಡುಗಾರರು ತಮ್ಮ ದನಿಯನ್ನು ಕೇಳಿಕೊಳ್ಳುವ ಈ ಅಗತ್ಯವನ್ನು ಎಂದೋ ಬಲ್ಲವರು.

ಮೂರನೆಯದು, ಎರಡೂ ಕಿವಿಗೆ ಹೆಡ್‌ಫೋನು ಬೇಕೆನ್ನುವವರು ಆಡಿಯೋ ಇಂಟರ್‌ಫೇಸ್ ಎಂಬ ಚಿಕ್ಕ ಪೆಟ್ಟಿಗೆಯನ್ನು ಬಳಸಬಹುದು. ಇಂಥ ಅನೇಕ ಪೆಟ್ಟಿಗೆಗಳಲ್ಲಿ ‘ಡೈರೆಕ್ಟ್ ಮಾನಿಟರ್’ ಎಂಬ ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ಮೈಕಿನ ದನಿ ಗಣಕಯಂತ್ರಕ್ಕೆ ಹೋಗಿಬರುವ ಮೊದಲೇ, ಪೆಟ್ಟಿಗೆಯಿಂದಲೇ ನೇರವಾಗಿ ಕಿವಿಗೆ ಬರುತ್ತದೆ. ಆಗಲೂ ತಂತ್ರಾಂಶದ ಆಯ್ಕೆ ಆರಿರಬೇಕು. ಇಲ್ಲವಾದರೆ ಒಂದೇ ದನಿ ಎರಡು ಸಲ ಕೇಳುತ್ತದೆ.

ನಾಲ್ಕನೆಯದು, ತಂತ್ರಾಂಶದ ಮೂಲಕವೇ ಕೇಳಬೇಕಾದರೆ ಬಫರನ್ನು 128 ಅಥವಾ 256ಕ್ಕೆ ಇಳಿಸಬೇಕು. ಚಟಚಟ ಸದ್ದು ಬಂದರೆ ಒಂದು ಮೆಟ್ಟಿಲು ಏರಿಸಬೇಕು. ವಿಂಡೋಸ್ ಯಂತ್ರಗಳಲ್ಲಿ ಇದಕ್ಕೆ ಎಎಸ್‌ಐಒ ಎಂಬ ಚಾಲಕ ತಂತ್ರಾಂಶ ನೆರವಾಗುತ್ತದೆ. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯು ಈ ಪದ್ಧತಿಯನ್ನು 1997ರಲ್ಲಿ ತಂದಿತು. ಪೆಟ್ಟಿಗೆಯ ತಯಾರಕರು ಕೊಡುವ ಚಾಲಕವನ್ನೇ ಹಾಕಿಕೊಳ್ಳುವುದು ಮೇಲು. ಮುದ್ರಣವೆಲ್ಲ ಮುಗಿದು ಜೋಡಣೆಗೆ ಕುಳಿತಾಗ ಬಫರನ್ನು ಮತ್ತೆ ದೊಡ್ಡದು ಮಾಡಿದರೆ ಯಂತ್ರಕ್ಕೆ ಆಯಾಸವಿಲ್ಲ.

ಇಷ್ಟಾದ ಮೇಲೂ ಒಂದು ದೋಷ ಉಳಿಯಬಹುದು. ಹಾಡುವಾಗ ಎಲ್ಲವೂ ಸರಿಯಾಗಿದ್ದು, ಮರಳಿ ಕೇಳಿದಾಗ ಹಾಡು ಪಕ್ಕವಾದ್ಯಕ್ಕಿಂತ ಹಿಂದೆ ಬಿದ್ದಿರುತ್ತದೆ. ಹೆಡ್‌ಫೋನನ್ನು ಮೈಕಿಗೆ ಒತ್ತಿಹಿಡಿದು, ಗಡಿಯಾರದಂತೆ ಟಿಕ್‌ಟಿಕ್ ಎನ್ನುವ ಸದ್ದನ್ನು ನುಡಿಸುತ್ತಲೇ ಅದನ್ನು ಮುದ್ರಿಸಿಕೊಳ್ಳಿ. ಮೂಲ ಸದ್ದಿಗೂ ಮುದ್ರಿತ ಸದ್ದಿಗೂ ಇರುವ ಅಂತರವನ್ನು ಪರದೆಯ ಮೇಲೆ ಅಳೆದು, ‘ಲೇಟೆನ್ಸಿ ಕಾಂಪೆನ್ಸೇಶನ್’ ಎಂಬಲ್ಲಿ ಅದಕ್ಕೆ ತಕ್ಕಂತೆ ತಿದ್ದಿದರೆ, ಮುಂದಿನ ಮುದ್ರಣಗಳು ತಾವಾಗಿಯೇ ಸರಿಯಾದ ಜಾಗದಲ್ಲಿ ಕೂಡುತ್ತವೆ. ಈ ಅಳತೆಯನ್ನು ಮಾಡದೆ ಯಾರ ತಾಳವನ್ನೂ ಶಂಕಿಸಬಾರದು.

ಮರುವಾರ ಮತ್ತೆ ಇಚಲಕರಂಜಿಗೆ ಹೋದೆ. ಅಕ್ಕೋರು ಮೊದಲು ಒಪ್ಪಲಿಲ್ಲ. “ಅಕ್ಕೋರ, ತಪ್ಪು ನಿಮ್ಮದಲ್ಲರಿ, ನಂದು” ಎಂದು ನಡೆದುದನ್ನೆಲ್ಲ ವಿವರಿಸಿದೆ. ತಂತಿಯ ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಂಡು ಕುಳಿತರು. ಮೊದಲ ಸಾಲು ಮುಗಿಯುವಷ್ಟರಲ್ಲಿ ಅವರ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮೂರೂ ನುಡಿಗಳನ್ನು ಒಂದೇ ಬೈಠಕಿನಲ್ಲಿ ಹಾಡಿ, “ಈಗ ನನ್ನ ದನಿ ನನ್ನ ಹತ್ರನ ಐತಿ ನೋಡು” ಎಂದರು. ಆ ತೊಡೆಯ ತಾಳವೂ ಮುದ್ರಣದಲ್ಲಿ ಸಣ್ಣಗೆ ಕೇಳುತ್ತದೆ, ನಾನು ಅಳಿಸಿಲ್ಲ.

ನಮ್ಮ ಈ ಭಾಗ ಸಂಗೀತದ ತವರು. ಗ್ವಾಲಿಯರ್ ಗಾಯನವನ್ನು ಮಹಾರಾಷ್ಟ್ರಕ್ಕೆ ತಂದ ಬಾಳಕೃಷ್ಣಬುವಾ ಅವರು ಇಚಲಕರಂಜಿಯ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡರು. ಕೊಲ್ಹಾಪುರದ ಆಸ್ಥಾನ ಗಾಯಕರಾಗಿದ್ದ ಅಲ್ಲಾದಿಯಾ ಖಾನರ ಮಕ್ಕಳಲ್ಲಿ ಕಲಿತು ನಮ್ಮ ಮಲ್ಲಿಕಾರ್ಜುನ ಮನ್ಸೂರರು ಆ ಗಾಯನವನ್ನು ಧಾರವಾಡಕ್ಕೆ ಒಯ್ದರು. ಆದರೆ 1946ರಲ್ಲಿ ತೀರಿಕೊಂಡ ಅಲ್ಲಾದಿಯಾ ಖಾನರ ಸ್ವಂತ ಹಾಡಿಕೆಯ ಧ್ವನಿಮುದ್ರಿಕೆ ನಮಗೆ ಉಳಿದಿಲ್ಲ. ಅಷ್ಟು ದೊಡ್ಡವರ ದನಿಯೇ ಹೋಗಿರುವಾಗ, ನಮ್ಮ ಮನೆಗಳಲ್ಲಿ ಬೀಸುವ ಪದ, ಸೋಬಾನೆ ಪದಗಳನ್ನು ಬಲ್ಲ ಅಜ್ಜಿಯರ ದನಿ ಹೇಗೆ ಉಳಿದೀತು?

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮನೆಯ ಹಿರಿಯರನ್ನು ಹಾಡಿಸಿ, ಮುದ್ರಿಸಿಕೊಳ್ಳಿ. ಹಾಡುವವರು ತಡವರಿಸಿದರೆ ಮೊದಲು ಯಂತ್ರವನ್ನು ಪರೀಕ್ಷಿಸಿ. ಒಮ್ಮೆ ನೊಂದು ಹೆಡ್‌ಫೋನು ತೆಗೆದಿಟ್ಟವರು ಎರಡನೆಯ ಸಲ ಕೂಡಲು ಒಪ್ಪುತ್ತಾರೆಂಬ ಭರವಸೆಯಿಲ್ಲ. ನಮ್ಮ ಅಕ್ಕೋರು ಒಪ್ಪಿದರು, ಅದು ನನ್ನ ಪುಣ್ಯ.